ಅಜ್ಜಮಾಡ ದೇವಯ್ಯ ಹಾರಿದ ದಾರಿಯಲ್ಲಿ ಆರು ದಿನ

ಮೊದಲ ದಿನ: ಮಡಿಕೇರಿ

ಮೈಸೂರಿನಿಂದ ಬೆಳಗ್ಗೆ ಆರಕ್ಕೆ ಹೊರಟೆವು, ನಾನು ಮತ್ತು ನನ್ನ ಸೋದರಮಾವ. ಹುಣಸೂರಿನಲ್ಲಿ ಇಡ್ಲಿ, ಕುಶಾಲನಗರದಲ್ಲಿ ಕಾಫಿ. ಡಿಸೆಂಬರ್ 20, ರಜೆಯ ಕಾಲ. ಕೊಡಗಿಗೆ ಹೋಗುವವರ ಕಾರು ಸಾಲುಗಟ್ಟಿತ್ತು. ಎಲ್ಲರೂ ರಾಜಾಸೀಟಿಗೆ, ಅಬ್ಬಿ ಫಾಲ್ಸಿಗೆ. ನಾವು ಮಾತ್ರ ಒಂದು ಸರ್ಕಲ್ ನೋಡೋಕೆ.

ಮಾವನಿಗೆ ಎಪ್ಪತ್ತೊಂದು. 1972ರಲ್ಲಿ ಏರ್‌ಮ್ಯಾನ್ ಆಗಿ ವಾಯುಪಡೆಗೆ ಸೇರಿದವರು. ಜಾಲಹಳ್ಳಿಯಲ್ಲಿ ಟ್ರೇನಿಂಗ್ ಮುಗಿಸಿ, ಹದಿನೈದು ವರ್ಷ ವೈರ್‌ಲೆಸ್ ಸೆಟ್ ರಿಪೇರಿ ಮಾಡಿ, 1987ರಲ್ಲಿ ಪೆನ್ಷನ್ ತಗೊಂಡು ಊರಿಗೆ ಬಂದರು. ಅದರಲ್ಲಿ ನಾಲ್ಕು ವರ್ಷ ಪಂಜಾಬಿನ ಆದಂಪುರ ಏರ್‌ಬೇಸಿನಲ್ಲಿದ್ದರು. 2025ರ ಶುರುವಿನಲ್ಲಿ ಒಂದು ಹಿಂದಿ ಸಿನಿಮಾ ಬಂತು. 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಆದಂಪುರದಿಂದ ಹಾರಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ಮಾಡಿದ ದಾಳಿಯ ಕಥೆ. ಮನೆಯವರೆಲ್ಲ ಹೋಗಿದ್ದೆವು. ಆ ದಾಳಿಯಲ್ಲಿ ಸತ್ತ ಕೊಡಗಿನ ಪೈಲಟ್ ದೇವಯ್ಯನವರ ಪಾತ್ರಕ್ಕೆ ಬೇರೆ ಹೆಸರು, ಬೇರೆ ಊರು. ಹೊರಗೆ ಬಂದ ಮೇಲೆ ಮಾವ ಚಪ್ಪಲಿ ಸರಿಮಾಡಿಕೊಳ್ಳುತ್ತಾ ಅಂದರು: "ಆ ರನ್‌ವೇ ಪಕ್ಕದಲ್ಲೇ ನಾಲ್ಕು ವರ್ಷ ಇದ್ದೆ ಕಣೋ. ಒಬ್ಬನಾದರೂ ದೇವಯ್ಯ ಅನ್ನೋ ಹೆಸರು ಎತ್ತಲಿಲ್ಲ."

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಈ ಪ್ರವಾಸಕ್ಕೆ ಬೇರೆ ಕಾರಣ ಇಲ್ಲ.

ಮಡಿಕೇರಿಯಲ್ಲಿ ಸೈನಿಕರ ಪ್ರತಿಮೆಗಳಿಗೆ ಬರವಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಒಂದು ಕಡೆ, ಜನರಲ್ ತಿಮ್ಮಯ್ಯ ಇನ್ನೊಂದು ಕಡೆ. ಹಳೇ ಖಾಸಗಿ ಬಸ್ ಸ್ಟ್ಯಾಂಡ್ ಹತ್ತಿರ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಸರ್ಕಲ್. ಸುತ್ತ ಹಾರನ್ ಸದ್ದು, ಜೀಪು, ಹೋಂ ಮೇಡ್ ಚಾಕಲೇಟ್ ಅಂಗಡಿ. ಸೆಲ್ಫಿಗೆ ನಿಂತಿದ್ದ ಇಬ್ಬರು ಹುಡುಗರನ್ನು ಮಾವ ಕೇಳಿದರು, ಇವರು ಯಾರು ಗೊತ್ತಾ ಅಂತ. "ಆರ್ಮಿಯವರು ಅಂಕಲ್." "ಏರ್ ಫೋರ್ಸ್," ಅಂತ ಮಾವ ತಿದ್ದಿದರು. ಅಷ್ಟೇ. ಮುಂದೆ ಹೇಳಲಿಲ್ಲ.

ಹೇಳಬೇಕಾದ್ದು ಇಷ್ಟು. ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನ ಅಜ್ಜಮಾಡ ಮನೆತನದಲ್ಲಿ. 1954ರಲ್ಲಿ ವಾಯುಪಡೆಯ ಪೈಲಟ್ ಆದರು. ಮುಂದೆ ಹುಡುಗರಿಗೆ ಹಾರಾಟ ಹೇಳಿಕೊಡುವ ಇನ್‌ಸ್ಟ್ರಕ್ಟರ್. 1965ರ ಯುದ್ಧ ಶುರುವಾದಾಗ ಆದಂಪುರದ ಒಂದನೇ ಸ್ಕ್ವಾಡ್ರನ್‌ಗೆ ಬಂದರು. ಸೆಪ್ಟೆಂಬರ್ 7ರ ಬೆಳಗಿನ ಜಾವ ಸರ್ಗೋಧಾ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ಏನಾಯಿತು ಅಂತ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾಗದದಲ್ಲಿ 'ಕಾಣೆಯಾಗಿದ್ದಾರೆ' ಅಂತ ಉಳಿದರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ ಆದ ಮೇಲೆ. ಮಾವ ಸರ್ವಿಸ್ ಬಿಟ್ಟ ಮರುವರ್ಷ! ವಾಯುಪಡೆಯಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಪಡೆದವರು ಇವರೊಬ್ಬರೇ.

ಮಧ್ಯಾಹ್ನ ಸನ್ನಿಸೈಡ್‌ಗೆ ಹೋದೆವು. ಜನರಲ್ ತಿಮ್ಮಯ್ಯನವರ ಮನೆ, ಈಗ ಮ್ಯೂಸಿಯಂ. 2021ರ ಫೆಬ್ರವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದ್ದು. ಮನೆ ಚೆನ್ನಾಗಿದೆ, ಅಂಗಳವೂ ಚೆನ್ನಾಗಿದೆ. ಆದರೆ ನನ್ನ ತಲೆ ಕಾರ್ಯಪ್ಪನವರ ಮಗನ ಕಡೆ ಹೋಯಿತು. ಅದೇ 1965ರ ಸೆಪ್ಟೆಂಬರ್‌ನಲ್ಲಿ, ಯುದ್ಧ ಮುಗಿಯುವ ಹೊತ್ತಿಗೆ, ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಅವರ ಹಂಟರ್ ವಿಮಾನವೂ ಗುಂಡು ತಿಂದು ಬಿತ್ತು. ಅವರು ಪಾಕಿಸ್ತಾನದಲ್ಲಿ ಸೆರೆಯಾದರು. ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಒಂದು ಕಾಲದಲ್ಲಿ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಬೇಕಿದ್ದರೆ ಮಗನನ್ನು ಬಿಟ್ಟುಕಳಿಸುತ್ತೇನೆ ಅಂತ ಹೇಳಿಕಳಿಸಿದರಂತೆ. ಕೈದಿಗಳೆಲ್ಲ ನನ್ನ ಮಕ್ಕಳೇ, ಇವನೊಬ್ಬನನ್ನು ಬೇರೆ ಮಾಡಬೇಡಿ ಅಂದರಂತೆ ಕಾರ್ಯಪ್ಪ. ಕೊಡಗಿನಲ್ಲಿ ಈ ಕಥೆ ಗೊತ್ತಿಲ್ಲದವರು ಕಡಿಮೆ. ಮಗ ಬದುಕಿ ಬಂದರು, ಏರ್ ಮಾರ್ಷಲ್ ಆದರು. ಅದೇ ತಿಂಗಳು, ಅದೇ ಆಕಾಶ, ಅದೇ ಕೊಡಗಿನ ಇನ್ನೊಬ್ಬರ ವಿಷಯದಲ್ಲಿ ಮಾತ್ರ ಯಾವ ಸುದ್ದಿಯೂ ಬರಲಿಲ್ಲ.

ಇನ್ನೊಂದು ಮಾತು. ಕೊಡವರ ಕೈಲ್‌ಪೊಳ್ದ್, ಅಂದರೆ ಆಯುಧ ಪೂಜೆಯ ಹಬ್ಬ, ಸಾಮಾನ್ಯವಾಗಿ ಸೆಪ್ಟೆಂಬರ್ 3ಕ್ಕೆ ಬರುತ್ತದೆ. ಕೋವಿಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆ ವರ್ಷ ಹಬ್ಬದ ಊಟ ಅರಗುವ ಮೊದಲೇ ಮನೆಗೆ ತಂತಿ ಬಂದಿರಬೇಕು.

ಹೊರಡುವಾಗ ಮಾವ ಅರ್ಧ ಕೆ.ಜಿ. ಕಾಫಿ ಪುಡಿ ಕಟ್ಟಿಸಿಕೊಂಡರು. "ಪಂಜಾಬಿನ ಚಹಾ ನನ್ನ ಕೈಲಿ ಆಗಲ್ಲ. ಅದು ಚಹಾ ಅಲ್ಲ, ಪಾಯಸ."

ಎರಡನೇ ದಿನ: ದಾರಿಯಲ್ಲಿ

ಬರೆಯೋಕೆ ಏನಿಲ್ಲ. ದೆಹಲಿಯಲ್ಲಿ ಮಂಜು ಅಂತ ಬೆಂಗಳೂರಿನಲ್ಲೇ ಐದು ಗಂಟೆ ಕಾಯಿಸಿದರು. ರಾತ್ರಿ ಹನ್ನೊಂದಕ್ಕೆ ದೆಹಲಿ ಮುಟ್ಟಿದಾಗ ಮಾವನ ಸೂಟ್‌ಕೇಸ್ ಬಂತು, ನನ್ನದು ಬರಲಿಲ್ಲ. ಮರುದಿನ ಮಧ್ಯಾಹ್ನ ಹೋಟೆಲಿಗೆ ತಂದುಕೊಟ್ಟರು. ಅಲ್ಲಿಯವರೆಗೆ ಮಾವನ ಮಂಕಿ ಕ್ಯಾಪ್, ಮಾವನ ಸ್ವೆಟರ್. ಸ್ವೆಟರಿನ ತೋಳು ನನ್ನ ಮೊಣಕೈ ದಾಟಲಿಲ್ಲ.

ಮೂರನೇ ದಿನ: ದೆಹಲಿ

ಇಂಡಿಯಾ ಗೇಟ್ ಪಕ್ಕದ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ ಮಧ್ಯಾಹ್ನ ಮೂರಕ್ಕೆ ಹೋದೆವು. ಒಳಗೆ ಹೋಗೋಕೆ ದುಡ್ಡಿಲ್ಲ. 2019ರ ಫೆಬ್ರವರಿ 25ರಂದು ತೆರೆದದ್ದು. ಸ್ವಾತಂತ್ರ್ಯ ಬಂದು ಎಪ್ಪತ್ತೊಂದು ವರ್ಷ ಆದ ಮೇಲೆ! ಅಲ್ಲಿಯವರೆಗೆ ಇಂಡಿಯಾ ಗೇಟ್ ಮೇಲೆ ಇದ್ದದ್ದು ಬ್ರಿಟಿಷರ ಕಾಲದ ಯುದ್ಧಗಳಲ್ಲಿ ಸತ್ತವರ ಹೆಸರು. ನಮ್ಮ ಯುದ್ಧಗಳಲ್ಲಿ ಸತ್ತವರಿಗೆಲ್ಲ ಸೇರಿ ಹೆಸರು ಕೆತ್ತಿದ ಒಂದು ಜಾಗ ದೆಹಲಿಯಲ್ಲಿ ಇರಲಿಲ್ಲ. ತಡವಾಗಿದ್ದು ದೇವಯ್ಯನವರ ಚಕ್ರ ಒಂದೇ ಅಲ್ಲ, ನೋಡಿ.

ಒಂದರೊಳಗೊಂದು ನಾಲ್ಕು ಸುತ್ತು. ನಡುವೆ ಅಮರ ಚಕ್ರ, ಅಲ್ಲಿ ಆರದ ಜ್ಯೋತಿ. ಅದರಾಚೆ ವೀರತಾ ಚಕ್ರ, ಆಮೇಲೆ ತ್ಯಾಗ ಚಕ್ರ. ಎಲ್ಲಕ್ಕಿಂತ ಹೊರಗೆ ಮರಗಳೇ ಸೈನಿಕರ ಹಾಗೆ ನಿಂತಿರುವ ರಕ್ಷಕ ಚಕ್ರ. ನಮಗೆ ಬೇಕಾದ್ದು ತ್ಯಾಗ ಚಕ್ರ. ಗ್ರಾನೈಟ್ ಇಟ್ಟಿಗೆ ಜೋಡಿಸಿದ ಗೋಡೆಗಳು, ಇಟ್ಟಿಗೆಗೊಂದು ಹೆಸರು. 25,000ಕ್ಕೂ ಜಾಸ್ತಿ ಇಟ್ಟಿಗೆ. ಚಿನ್ನದ ಬಣ್ಣದ ಅಕ್ಷರ. ಪದವಿ ದೊಡ್ಡದಾದರೂ ಇಟ್ಟಿಗೆ ದೊಡ್ಡದಲ್ಲ. ಇದು ನನಗೆ ತುಂಬಾ ಹಿಡಿಸಿತು.

ಹೆಸರು ಹುಡುಕೋಕೆ ಕಂಪ್ಯೂಟರ್ ಪರದೆ ಇಟ್ಟಿದ್ದಾರೆ. ಅದರಲ್ಲಿ ನನಗೆ ಕಷ್ಟವಾಯಿತು. ಕೊಡವ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆದಿರುತ್ತಾರೆ? ಎರಡು 'ವೈ' ಹಾಕುತ್ತಾರಾ, 'ಐಎ' ಹಾಕುತ್ತಾರಾ, ಮನೆತನದ ಹೆಸರು ಮೊದಲೋ ಕೊನೆಗೋ? ಪತ್ರಿಕೆಗಳಲ್ಲೇ ನಾಲ್ಕು ಥರ ನೋಡಿದ್ದೇನೆ. ಹಿಂದೆ ನಿಂತವರು ಗೊಣಗುತ್ತಿದ್ದರು. ಕೊನೆಗೆ ಮಾವ 1965ರ ಗೋಡೆಗಳ ಕಡೆ ಸುಮ್ನೆ ನಡೆದುಬಿಟ್ಟರು. ಒಂದೊಂದೇ ಸಾಲು, ಬೆರಳು ಮುಟ್ಟಿಸದೆ, ಕನ್ನಡಕ ಏರಿಸಿ, ಇಳಿಸಿ. ಮುಕ್ಕಾಲು ಗಂಟೆ. ನಡುನಡುವೆ ನಿಂತು ಯಾವುದೋ ಬೇರೆ ಹೆಸರನ್ನೇ ಗಟ್ಟಿಯಾಗಿ ಓದುತ್ತಿದ್ದರು. ಸಿಪಾಯಿ, ನಾಯಕ್, ಸವಾರ್. ಕೇಳಿದೆ, ಅದನ್ನೆಲ್ಲ ಯಾಕೆ ಓದುತ್ತೀರಿ ಮಾವ ಅಂತ. "ಇವತ್ತು ಇವನ್ನ ಹುಡುಕಿಕೊಂಡು ಯಾರಾದರೂ ಬಂದಿದ್ದಾರೋ ಇಲ್ಲವೋ," ಅಂದರು.

ಸಿಕ್ಕಿತು. ನಾನು ಫೋಟೋ ತೆಗೆದೆ. ಮಾವ ಎರಡೂ ಕೈ ಪ್ಯಾಂಟಿನ ಹೊಲಿಗೆಗೆ ಅಂಟಿಸಿ ಅಟೆನ್ಷನ್‌ನಲ್ಲಿ ನಿಂತರು. ಪಕ್ಕದಲ್ಲಿದ್ದ ಹೆಂಗಸೊಬ್ಬರು ಹಿಂದಿಯಲ್ಲಿ ಮೆತ್ತಗೆ ಕೇಳಿದರು, ನಿಮ್ಮ ಮನೆಯವರಾ? ಮಾವ ಅಲ್ಲ ಅಂತ ತಲೆ ಆಡಿಸಿದರು. ಆಮೇಲೆ, ಏನೋ ತಪ್ಪು ಹೇಳಿದವರ ಥರ, "ನಮ್ಮ ರಾಜ್ಯದವರು" ಅಂದರು.

ಸಂಜೆ ಹೊತ್ತಿಗೆ ಇಲ್ಲಿ ದಿನವೂ ಒಬ್ಬ ಹುತಾತ್ಮರ ಮನೆಯವರು ಬಂದು ಜ್ಯೋತಿಯ ಮುಂದೆ ಹೂವಿನ ಚಕ್ರ ಇಡುತ್ತಾರೆ. ಅವತ್ತು ಬಂದವರು ವಯಸ್ಸಾದ ತಾಯಿ. ಕಾಲು ಎಳೆಯುತ್ತಾ ನಡೆದರು. ಜನ ಫೋನ್ ಎತ್ತಿದರು, ಆಮೇಲೆ ಒಬ್ಬೊಬ್ಬರಾಗಿ ಇಳಿಸಿದರು.

ನಾಲ್ಕನೇ ದಿನ: ಜಲಂಧರ್‌ಗೆ

ಮಂಜಿನಲ್ಲಿ ರೈಲು ನಾಲ್ಕು ಗಂಟೆ ತಡ. ಕಿಟಕಿಯಲ್ಲಿ ಬಿಳಿ ಬಿಟ್ಟರೆ ಏನೂ ಇಲ್ಲ. ಲುಧಿಯಾನ ದಾಟಿದ ಮೇಲೆ ಸ್ವಲ್ಪ ಬಿಸಿಲು, ಗೋಧಿಯ ಹಸಿರು. ರಾತ್ರಿ ಮೆಕ್ಕೆಜೋಳದ ರೊಟ್ಟಿ, ಸಾಸಿವೆ ಸೊಪ್ಪಿನ ಸಾಗು, ಮೇಲೆ ಬೆಣ್ಣೆ. ಮಾವನಿಗೆ ಹಳೇ ಪಂಜಾಬಿ ನಾಲಿಗೆಗೆ ಮರಳಿ ಬಂದಿತ್ತು. ಹೋಟೆಲಿನವನ ಜೊತೆ ಒಂದು ಗಂಟೆ ಮಾತು. ನನಗೆ ಅರ್ಥವಾದದ್ದು 'ಬೆಂಗಳೂರು' ಒಂದೇ.

ಐದನೇ ದಿನ: ಆದಂಪುರ

ಡಿಸೆಂಬರ್ 24. ದಿನವನ್ನು ನಾವು ಬೇಕೆಂದೇ ಹಾಗೆ ಹೊಂದಿಸಿದ್ದೆವು. ಬದುಕಿದ್ದರೆ ದೇವಯ್ಯನವರಿಗೆ ಅವತ್ತು ತೊಂಬತ್ತಮೂರು ತುಂಬುತ್ತಿತ್ತು. ಸಾಯುವಾಗ ಮೂವತ್ತೆರಡು ವರ್ಷ, ಎಂಟು ತಿಂಗಳು. ನನಗಿಂತ ಹನ್ನೊಂದು ವರ್ಷ ಚಿಕ್ಕವರು.

ಜಲಂಧರ್‌ನಿಂದ ಹೋಶಿಯಾರ್‌ಪುರ ರಸ್ತೆ ಹಿಡಿದರೆ ಆದಂಪುರ. ದಾರಿಯುದ್ದಕ್ಕೂ ಕೆನಡಾ, ಇಂಗ್ಲೆಂಡಿಗೆ ಹೋದವರ ದೊಡ್ಡ ದೊಡ್ಡ ಮನೆ. ಈ ಕಡೆ ತಾರಸಿಯ ಮೇಲೆ ನೀರಿನ ಟ್ಯಾಂಕನ್ನೇ ವಿಮಾನದ ಆಕಾರದಲ್ಲಿ ಕಟ್ಟಿಸುತ್ತಾರೆ. ತಲ್ಹಣ್ ಅನ್ನುವ ಹಳ್ಳಿಯ ಗುರುದ್ವಾರದಲ್ಲಿ ವೀಸಾ ಸಿಗಲಿ ಅಂತ ಆಟಿಕೆ ವಿಮಾನ ಹರಕೆ ಕೊಡುತ್ತಾರೆ. ವಿಮಾನ ಅಂದರೆ ಇಲ್ಲಿ ಊರು ಬಿಟ್ಟು ಹೋಗೋಕೆ ಇರುವ ಗಾಡಿ. ನಾವು ಹುಡುಕಿಕೊಂಡು ಬಂದದ್ದು ಬೇರೆ ಥರದ ವಿಮಾನವನ್ನು.

ಬೇಸಿನ ಒಳಗೆ ನಮ್ಮನ್ನು ಬಿಡುವುದಿಲ್ಲ, ಬಿಡಲೂಬಾರದು. ನಾವು ಕೇಳಲೂ ಇಲ್ಲ. ಗೋಡೆಯ ಹತ್ತಿರ ಫೋಟೋ ತೆಗೆಯಬೇಡ ಅಂತ ಮಾವ ಎರಡು ಸಲ ಎಚ್ಚರಿಸಿದರು. ಸ್ವಲ್ಪ ದೂರದ ಚಹಾ ಅಂಗಡಿಯಲ್ಲಿ ಕೂತೆವು. ಮಾವ ಕಾಫಿ ಡಬ್ಬಿ ತೆಗೆದು ಅಂಗಡಿಯ ಸರ್ದಾರ್‌ಜಿಗೆ ಕೊಟ್ಟರು. ಆತ ಪುಡಿಯನ್ನು ಹಾಲಿಗೇ ಸುರಿದು, ಏಲಕ್ಕಿ ಜಜ್ಜಿ ಹಾಕಿ, ಹತ್ತು ನಿಮಿಷ ಕುದಿಸಿದ. ಮಾವ ಕಣ್ಣು ಮುಚ್ಚಿ ಕುಡಿದರು. ಪಾಯಸವೇ ಆಗಿತ್ತು, ಅದೂ ಚರಟದ ಪಾಯಸ.

ಅಲ್ಲಿ ಕೂತು ಮಾವ ಆ ಬೆಳಗಿನ ಕಥೆ ಹೇಳಿದರು. ಅವರು ಓದಿ ತಿಳಿದದ್ದು, ಆದರೆ ಜಾಗ ಗೊತ್ತಿದ್ದವರ ಬಾಯಲ್ಲಿ ಕೇಳುವುದೇ ಬೇರೆ.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ಮೇಲೆ ಬಿದ್ದು, ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳನ್ನು ಸುಟ್ಟವು. ಅದೇ ರಾತ್ರಿ ಆದಂಪುರ, ಹಲ್ವಾರಾ, ಪಠಾಣ್‌ಕೋಟ್ ಮೂರೂ ಕಡೆ ಪ್ಯಾರಾಚೂಟ್‌ನಲ್ಲಿ ಕಮಾಂಡೋಗಳನ್ನು ಇಳಿಸಿದರು. ಒಂದೊಂದು ಕಡೆಗೆ ಸುಮಾರು 60 ಜನ. ಕತ್ತಲು, ಆಳೆತ್ತರದ ಬೆಳೆ, ಚದುರಿ ಹೋದರು. ಹಳ್ಳಿಯವರೇ ದೊಣ್ಣೆ ಹಿಡಿದು ಎಷ್ಟೋ ಜನರನ್ನು ಹುಡುಕಿ ಹಿಡಿದುಕೊಟ್ಟರು. ಪಂಜಾಬಿಯಲ್ಲಿ ಈ ಮಾತು ಬಂದದ್ದೇ ತಡ, ಅಂಗಡಿಯವನ ಮುಖ ಅರಳಿತು. ಅವನ ಅಪ್ಪನೂ ಕಬ್ಬಿನ ಗದ್ದೆಗೆ ನುಗ್ಗಿದ್ದವರಲ್ಲಿ ಒಬ್ಬನಂತೆ. ಆಗ ಅಪ್ಪನಿಗೆ ಇಪ್ಪತ್ತು ವರ್ಷ, ಕೈಯಲ್ಲಿ ಹಾಕಿ ಕೋಲು. ಇನ್ನೊಂದು ಲೋಟ ಬಂತು, ದುಡ್ಡು ಬೇಡ ಅಂದ.

ಅಂಥ ರಾತ್ರಿ ಕಳೆದು, ಬೆಳಕು ಹರಿಯುವ ಮೊದಲೇ ಒಂದನೇ ಸ್ಕ್ವಾಡ್ರನ್ ಸರ್ಗೋಧಾಕ್ಕೆ ಹೊರಟಿತು. ನೇರ ಗೆರೆ ಎಳೆದರೆ ಇಲ್ಲಿಂದ ಸುಮಾರು 300 ಕಿಲೋಮೀಟರ್. ಪಾಕಿಸ್ತಾನದ ಅತಿ ಬಲವಾದ ವಾಯುನೆಲೆ. ವಿಮಾನ ಫ್ರಾನ್ಸಿನ ಮಿಸ್ಟೇರ್, ಒಂದೇ ಎಂಜಿನ್, ಒಂದೇ ಸೀಟು. ರಾಡಾರ್ ಕಣ್ಣಿಗೆ ಬೀಳಬಾರದು ಅಂದರೆ ನೆಲಕ್ಕೆ ಅಂಟಿಕೊಂಡ ಹಾಗೆ ಹಾರಬೇಕು. ಕೆಳಗೆ ಹಾರಿದಷ್ಟೂ ಇಂಧನ ಜಾಸ್ತಿ ಕುಡಿಯುತ್ತದೆ. "ಹೋಗಿ ಬರೋಕೆ ಮಾತ್ರ ಸಾಕು ಅನ್ನೋ ಲೆಕ್ಕ," ಅಂದರು ಮಾವ. "ದಾರಿಯಲ್ಲಿ ಯಾರ ಜೊತೆಗಾದರೂ ಕಾದಾಡೋಕೆ ನಿಂತರೆ ಮನೆ ಮುಟ್ಟೋದಿಲ್ಲ."

ವಿಂಗ್ ಕಮಾಂಡರ್ ಓ.ಪಿ. ತನೇಜಾ ಮುಂದಾಳು. 12 ವಿಮಾನ ಹೋಗಬೇಕು. ಯಾರದ್ದಾದರೂ ಕೈಕೊಟ್ಟರೆ ಇರಲಿ ಅಂತ ಇನ್ನೆರಡು ಹೆಚ್ಚುವರಿ. ದೇವಯ್ಯ ಇದ್ದದ್ದು ಆ ಹೆಚ್ಚುವರಿಯಲ್ಲಿ. ಮಾವ ಈ ಜಾಗಕ್ಕೆ ಬಂದಾಗ ಲೋಟ ಕೆಳಗಿಟ್ಟರು. ಎಲ್ಲರೂ ಸರಿಯಾಗಿ ಹೋಗಿದ್ದರೆ ಅವರು ತಿರುಗಿ ಬಂದು ಇಲ್ಲೇ ಇಳಿದು ತಿಂಡಿ ತಿನ್ನುತ್ತಿದ್ದರು. ಒಂದು ವಿಮಾನ ಹಿಂದುಳಿಯಿತು. ದೇವಯ್ಯ ಆ ಜಾಗ ತುಂಬಿದರು.

ವಾಪಸ್ ಬರುವಾಗ ಎಫ್-104 ಸ್ಟಾರ್‌ಫೈಟರ್ ಅಟ್ಟಿಸಿಕೊಂಡು ಬಂತು. ಅಮೆರಿಕದ ವಿಮಾನ, ಶಬ್ದಕ್ಕಿಂತ ಎರಡು ಪಟ್ಟು ವೇಗ. ಓಡಿಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ದೇವಯ್ಯನವರ ಮಿಸ್ಟೇರ್‌ಗೆ ಏಟು ಬಿತ್ತು. ಇದರ ಕಥೆ ಮುಗಿಯಿತು ಅಂತ ಅಮ್ಜದ್ ಬೇರೆಯವರ ಕಡೆ ತಿರುಗಿದರು. ಮುಗಿದಿರಲಿಲ್ಲ. ಏಟು ತಿಂದ ಆ ವಿಮಾನವನ್ನೇ ತಿರುಗಿಸಿ ದೇವಯ್ಯ ಬೆನ್ನು ಹತ್ತಿದರು. ಅವರ ಫಿರಂಗಿ ಏಟಿಗೆ ಸ್ಟಾರ್‌ಫೈಟರ್ ಕೆಟ್ಟು, ಅಮ್ಜದ್ ಪ್ಯಾರಾಚೂಟ್ ಬಿಚ್ಚಿ ಹಾರಿಕೊಂಡರು. ಮಿಸ್ಟೇರ್ ಕೂಡ ಅಲ್ಲೇ ಬಿತ್ತು. ಜೊತೆಯಲ್ಲಿದ್ದ ನಮ್ಮವರು ಯಾರೂ ಅದನ್ನು ಕಣ್ಣಾರೆ ಕಾಣಲಿಲ್ಲ. ಅಲ್ಲಿಯ ಹಳ್ಳಿಯವರು ದೇಹವನ್ನು ಹೊಲದಲ್ಲೇ ಮಣ್ಣು ಮಾಡಿದರಂತೆ.

ಗೊತ್ತಾದದ್ದು ಹೇಗೆ? 1979ರಲ್ಲಿ ಒಬ್ಬ ಇಂಗ್ಲಿಷ್ ಬರಹಗಾರ ಪಾಕಿಸ್ತಾನ ವಾಯುಪಡೆಯ ಯುದ್ಧದ ಬಗ್ಗೆ ಪುಸ್ತಕ ಬರೆದ. ಅದರಲ್ಲಿ ಈ ಕಾಳಗ ಬಂತು. ಸ್ಟಾರ್‌ಫೈಟರ್ ಜೊತೆ ಸೆಣಸಿದ ಮಿಸ್ಟೇರ್ ಯಾರದ್ದು ಅಂತ ಇಲ್ಲಿ ಲೆಕ್ಕ ಹಾಕಿ ನೋಡಿದರೆ, ದೇವಯ್ಯ ಒಬ್ಬರೇ ಆಗಬಹುದಿತ್ತು. ತನೇಜಾ ಬೆನ್ನುಬಿಡದೆ ಸರ್ಕಾರಕ್ಕೆ ಬರೆದರು. ಅಂದರೆ ನಮ್ಮ ಸೈನಿಕನ ಸಾಹಸ ನಮಗೆ ತಿಳಿದದ್ದು ಎದುರಾಳಿ ಕಡೆಯ ದಾಖಲೆಯಿಂದ. ನನಗೆ ಇದು ನಾಚಿಕೆ ಅನ್ನಿಸಲಿಲ್ಲ, ವಿಚಿತ್ರ ಅನ್ನಿಸಿತು.

"1979ರಲ್ಲಿ ಪುಸ್ತಕ ಬಂತು, ನಾನು ಇಲ್ಲಿದ್ದದ್ದು ಆಮೇಲೆ," ಅಂದರು ಮಾವ. "ದಿನಾ ಬೆಳಗ್ಗೆ ಈ ರಸ್ತೆಯಲ್ಲಿ ಸೈಕಲ್ ಹೊಡೆದುಕೊಂಡು ಹೋಗುತ್ತಿದ್ದೆ. ಮೆಸ್ಸಿನಲ್ಲಿ ಎಂತೆಂಥ ಹರಟೆ ಹೊಡೆದಿದ್ದೇವೆ! ಇದೊಂದು ಬಿಟ್ಟು."

ಆರನೇ ದಿನ: ಅಮೃತಸರ, ಅಟ್ಟಾರಿ

ಸ್ವರ್ಣಮಂದಿರದಲ್ಲಿ ಲಂಗರ್ ಊಟ. ಮಾವ ಬೇಡವೆಂದರೂ ಕೇಳದೆ ಪಾತ್ರೆ ತೊಳೆಯಲು ಕೂತರು. ಮಧ್ಯಾಹ್ನ ಅಟ್ಟಾರಿ ರಸ್ತೆಯ ಯುದ್ಧವೀರರ ಮ್ಯೂಸಿಯಂ. ಅಂಗಳದಲ್ಲಿ 45 ಮೀಟರ್ ಎತ್ತರದ ಸ್ಟೀಲ್ ಖಡ್ಗ ನೆಟ್ಟಿದ್ದಾರೆ, ದೂರದಿಂದಲೇ ಕಾಣುತ್ತದೆ. ಒಳಗೆ ಓಡೋಡಿ ನೋಡಿದೆವು, ಅಟ್ಟಾರಿ ಗಡಿಯಲ್ಲಿ ಸಂಜೆ ಬಾವುಟ ಇಳಿಸುವ ಕವಾಯತಿಗೆ ಹೊತ್ತಾಗುತ್ತಿತ್ತು.

ಕ್ರಿಸ್‌ಮಸ್ ರಜೆಯ ಜನಸಾಗರ. ಕೆನ್ನೆಯ ಮೇಲೆ ಬಾವುಟ ಬರೆಯುವ ಹುಡುಗರು, ಪಾಪ್‌ಕಾರ್ನ್, ಮೈಕಿನಲ್ಲಿ ಸಿನಿಮಾ ಹಾಡು. ನನಗೆ ಈ ಗದ್ದಲ ಸೇರುವುದಿಲ್ಲ, ಒಪ್ಪಿಕೊಳ್ಳುತ್ತೇನೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆದ ಮೇಲೆ ಗೇಟು ತೆರೆಯುತ್ತಿರಲಿಲ್ಲ, ಎರಡೂ ಕಡೆಯವರು ಕೈ ಕುಲುಕುತ್ತಿರಲಿಲ್ಲ. ಮುಚ್ಚಿದ ಗೇಟಿನ ಈಚೆ ನಮ್ಮ ಬಿ.ಎಸ್.ಎಫ್. ಜವಾನರು ಕಾಲು ತಲೆಯವರೆಗೆ ಎತ್ತಿ ನಡೆದರು. ಸೂರ್ಯ ಗೇಟಿನ ಆಚೆ ಇಳಿಯುತ್ತಿದ್ದ. ಸರ್ಗೋಧಾ ಇನ್ನೂ 190 ಕಿಲೋಮೀಟರ್ ಆಚೆ.

ಕಾಯುತ್ತಾ ಕೂತಾಗ ನಾನು ರಾತ್ರಿ ಓದಿದ್ದನ್ನು ಮಾವನಿಗೆ ಹೇಳಿದೆ. ಆ ಅಮ್ಜದ್ ಹುಸೇನ್ 1971ರ ಯುದ್ಧದಲ್ಲೂ ಸ್ಟಾರ್‌ಫೈಟರ್ ಹಾರಿಸಿದರು. ಡಿಸೆಂಬರ್ 5ರಂದು ಇದೇ ಅಮೃತಸರದ ರಾಡಾರ್ ಮೇಲೆ ದಾಳಿಗೆ ಬಂದಾಗ ನಮ್ಮ ನೆಲದ ಗುಂಡಿಗೆ ವಿಮಾನ ಬಿತ್ತು. ಮತ್ತೆ ಪ್ಯಾರಾಚೂಟ್. ಈ ಸಲ ನಮ್ಮ ಕೈಗೆ ಸಿಕ್ಕಿದರು, ಯುದ್ಧಕೈದಿಯಾದರು.

ಮಾವ ಪೂರ್ತಿ ನನ್ನ ಕಡೆ ತಿರುಗಿದರು. "ಇಲ್ಲಿ? ಅಮೃತಸರದಲ್ಲಿ?"

"ಹೂಂ ಮಾವ."

"ಅಂದರೆ ಆ ಬೆಳಗ್ಗೆ ಏನಾಯಿತು ಅಂತ ಗೊತ್ತಿದ್ದ ಆಸಾಮಿ ನಮ್ಮ ಜೈಲಲ್ಲೇ ಕೂತಿದ್ದ."

ಆಮೇಲೆ ಸ್ವಲ್ಪ ಹೊತ್ತು ಬೆರಳು ಮಡಚಿ ಲೆಕ್ಕ ಹಾಕಿದರು. "ಆಗಲೇ ಯಾರಾದರೂ ಒಂದು ಮಾತು ಕೇಳಿದ್ದರೆ, ಹದಿನಾರು ವರ್ಷ ಉಳಿಯುತ್ತಿತ್ತಲ್ಲೋ. ಆ ಮನೆಯವರಿಗೆ."

ಬಾವುಟ ಇಳಿಸುವಾಗ ಎಲ್ಲರೂ ಎದ್ದು ನಿಂತೆವು. ಜನ ಕರಗಿದರೂ ಮಾವ ಮೆಟ್ಟಿಲು ಬಿಟ್ಟು ಏಳಲಿಲ್ಲ. ಜವಾನನೊಬ್ಬ ಬಂದು, ಬಾಬಾಜೀ ಹೊರಡಿ, ಕತ್ತಲಾಗುತ್ತೆ ಅಂದ. ಚಳಿಗೆ ನನ್ನ ಹಲ್ಲು ಕಡಿಯುತ್ತಿತ್ತು. ಪಾರ್ಕಿಂಗ್ ತನಕ ಇಬ್ಬರೂ ಮಾತಾಡಲಿಲ್ಲ.

ಟ್ಯಾಕ್ಸಿಯಲ್ಲಿ ಕೂತ ಮೇಲೆ ಮಾವ ಕೈಚೀಲ ತಡಕಾಡಿದರು. "ಕಾಫಿ ಪುಡಿ ಎಲ್ಲೋ?"

ಆಗ ನೆನಪಾಯಿತು. ಆದಂಪುರದ ಆ ಚಹಾ ಅಂಗಡಿಯ ಒಲೆ ಪಕ್ಕ ಡಬ್ಬಿ ಬಿಟ್ಟು ಬಂದಿದ್ದೆವು. ಹೋಗಿ ತರಲಾ ಅಂತ ಸುಮ್ನೆ ಕೇಳಿದೆ, ಎರಡು ಗಂಟೆ ದಾರಿ.

"ಬೇಡ ಬಿಡು," ಅಂದರು ಮಾವ. "ಮಡಿಕೇರಿದು. ಅಲ್ಲೇ ಇರಲಿ."